ಅಪ್ಪಯ್ಯನ ದೋಣಿಗೆ ಎಷ್ಟು ಎಚ್‌ಪಿ?

ಈ ಏಪ್ರಿಲ್‌ನಲ್ಲಿ ನಮ್ಮ ನಾಡದೋಣಿಯ ಹಳೆಯ ಎಂಜಿನ್ ಪೂರ್ತಿ ಕೈಕೊಟ್ಟಿತು. ಅಮ್ಮನ ಬಳೆ ಅಡವಿಟ್ಟು ಹೊಸದು ತರುವುದೆಂದು ತೀರ್ಮಾನವಾಯಿತು. ‘ನೀ ಎಂಜಿನಿಯರ್ ಅಲ್ದಾ, ಯಾವ್ದ್ ತಕಂಬ್ದ್ ಹೇಳ್’ ಎಂದರು ಅಪ್ಪಯ್ಯ. ಮೆಕ್ಯಾನಿಕಲ್ ಮೂರನೇ ವರ್ಷದ ನಾನು ಹಿಂದೆಮುಂದೆ ನೋಡದೆ ಹೇಳಿದೆ: ‘25 ಎಚ್‌ಪಿ’. ಬೇಗ ಹೋಗಿ ಬೇಗ ಬಂದರೆ ಮೀನಿಗೆ ಒಳ್ಳೆಯ ರೇಟು ಸಿಗುತ್ತದೆ ಎಂಬುದು ನನ್ನ ಲೆಕ್ಕ.

ಅಪ್ಪಯ್ಯ ನಕ್ಕರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ನಮ್ಮಂಥವರ ದುಡಿಮೆಯ ಕಾಲವೇ ಅದು. ‘ಆ ಎರಡ್ ತಿಂಗ್ಳ್ ದೋಣಿ ಮೇಲ್ ಹಾಕಿ ಕೂಕಂಡ್ರೆ ನಿನ್ನ ಫೀಸ್ ಕಟ್ಟುದ್ ಯಾರ್?’ ಎಂದಾಗ ನನ್ನ 25 ಎಚ್‌ಪಿ ಅಲ್ಲೇ ಮುಳುಗಿತು. 9.9 ಎಚ್‌ಪಿ ಎಂದಾಯಿತು.

ಮುಂದಿನ ಪ್ರಶ್ನೆ ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ? ಫೋರ್ ಸ್ಟ್ರೋಕ್ ಕಡಿಮೆ ಇಂಧನ ಕುಡಿಯುತ್ತದೆ, ಹೊಗೆ ಕಡಿಮೆ, ಇಂಧನಕ್ಕೆ ಆಯಿಲ್ ಬೆರೆಸಬೇಕಿಲ್ಲ. ಆದರೆ ತೂಕ ಹೆಚ್ಚು. ದಿನಾ ಎಂಜಿನ್ ಬಿಚ್ಚಿ ಹೆಗಲ ಮೇಲೆ ಹೊತ್ತು ಮರಳು ದಾಟುವವರು ಅಪ್ಪಯ್ಯ, ನಾನಲ್ಲ. ನಮ್ಮೂರ ಮೆಕ್ಯಾನಿಕ್‌ಗೆ ಕೈ ಪಳಗಿರುವುದೂ ಟೂ ಸ್ಟ್ರೋಕ್‌ನಲ್ಲೇ. ಅದನ್ನೇ ಆರಿಸಿದೆವು.

ನಾನು ಉಪಯೋಗಕ್ಕೆ ಬಂದದ್ದು ಕೊನೆಯಲ್ಲಿ. ಅಂಗಡಿಯವರು ‘ಸ್ಟಾಕ್ ಇದೆ, ರೇಟೂ ಕಡಿಮೆ’ ಎಂದು ತೋರಿಸಿದ್ದು 15 ಇಂಚಿನ ಶಾರ್ಟ್ ಶಾಫ್ಟ್. ಎಂಜಿನ್ ಕೂರುವ ನಮ್ಮ ದೋಣಿಯ ಹಿಂಬದಿಯ ಹಲಗೆಯನ್ನು ನಾನು ಮೊದಲೇ ಟೇಪು ಹಿಡಿದು ಅಳೆದಿದ್ದೆ: 20 ಇಂಚು. ಶಾಫ್ಟ್ ಗಿಡ್ಡವಾದರೆ ಪ್ರೊಪೆಲರ್ ನೀರಿನ ಮೇಲ್ಮೈಗೆ ಹತ್ತಿರವಾಗಿ ಗಾಳಿ ಎಳೆಯುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಸಾಗುವುದಿಲ್ಲ. ಎಂಜಿನ್ ತಣಿಸುವ ನೀರೂ ಸರಿಯಾಗಿ ಏರುವುದಿಲ್ಲ. ಮಳೆಗಾಲದಲ್ಲಿ ಅಳಿವೆಬಾಗಿಲ ಅಲೆಯ ನಡುವೆ ಹೀಗಾದರೆ ಜೀವಕ್ಕೇ ಸಂಚಕಾರ. ಲಾಂಗ್ ಶಾಫ್ಟ್ ಬರುವವರೆಗೆ ಒಂದು ವಾರ ಕಾದೆವು.

ಜೂನ್‌ನ ಒಂದು ಬೆಳಗ್ಗೆ ದಡದಲ್ಲಿ ನಿಂತು ನೋಡಿದೆ. ದೋಣಿ ಮೂರು ಅಲೆ ಹತ್ತಿ ಇಳಿಯಿತು, ಎಂಜಿನ್ನಿನ ದನಿ ಒಮ್ಮೆಯೂ ಏರಲಿಲ್ಲ. ಅಮ್ಮ ಆಮೇಲೆ ಮನೆಗೆ ನಡೆದಳು.

ಬಳೆ ಇನ್ನೂ ಬಿಡಿಸಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಎಂಜಿನ್ನಿಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯುವ ಕೆಲಸ ನನ್ನದು. ಗೆಳೆಯರೇ, ಪವರ್ ಎಷ್ಟು ಎಂದು ಕೇಳುವ ಮೊದಲು ಅದನ್ನು ಹೊರುವವರು ಯಾರು, ದುಡಿಯುವುದು ಯಾವಾಗ ಎಂದು ಕೇಳಬೇಕು. ಇದು ನನಗೆ ತಿಳಿದದ್ದು ಕ್ಲಾಸಿನಲ್ಲಲ್ಲ, ದಡದಲ್ಲಿ.