ಬೇಸಿಗೆಯಲ್ಲಿ ಕೈಕೊಟ್ಟ ಕಂದಕ

ಶ್ರೀರಂಗಪಟ್ಟಣಕ್ಕೆ ಬಂದವರು ಗುಂಬಜ್ ನೋಡುತ್ತಾರೆ, ರಂಗನಾಥನಿಗೆ ಕೈ ಮುಗಿಯುತ್ತಾರೆ. ಕೋಟೆಗೋಡೆಯ ಬುಡದ ಕಂದಕವನ್ನು ಮಾತ್ರ ಬಸ್ಸಿನಲ್ಲಿ ಕೂತೇ ದಾಟಿಬಿಡುತ್ತಾರೆ. ಹಳಬರು ಇದನ್ನು ಅಗಳು ಎನ್ನುತ್ತಿದ್ದರು. ಅಗೆಯುವ ಕೆಲಸದ್ದೇ ಪದ.

ನಮ್ಮ ಹಳ್ಳಿಗಳ ಮಣ್ಣಿನ ಕೋಟೆಗಳಲ್ಲಿ ಲೆಕ್ಕ ಸರಳ: ಅಗೆದಲ್ಲಿ ಕಂದಕ, ಆ ಮಣ್ಣು ಪೇರಿಸಿದಲ್ಲಿ ಗೋಡೆ. ಮಧ್ಯಯುಗದ ಇಂಗ್ಲೆಂಡಿನ ಜಮೀನ್ದಾರರೂ ಮನೆಯ ಸುತ್ತ ಕಂದಕ ತೋಡಿಸಿ ನೀರು ನಿಲ್ಲಿಸುತ್ತಿದ್ದರು. ಅಂಥ ನೆಲೆಗಳು ಅಲ್ಲಿ 5,000ಕ್ಕೂ ಹೆಚ್ಚಿವೆ. ಕಳ್ಳಕಾಕರ ಭಯಕ್ಕಿಂತ ದೊಡ್ಡಸ್ತಿಕೆಯೇ ಮುಖ್ಯವಾಗಿತ್ತು, ಜೊತೆಗೆ ಊಟಕ್ಕೆ ಮೀನೂ ಸಿಗುತ್ತಿತ್ತು. ಫಿರಂಗಿಗೆ ಎದೆ ಕೊಡುವ ಗ್ರಹಚಾರ ಅವಕ್ಕಿರಲಿಲ್ಲ.

ಶ್ರೀರಂಗಪಟ್ಟಣದ ಕಥೆ ಬೇರೆ. ನಾಗಮಂಗಲದ ತಿಮ್ಮಣ್ಣ ಹೆಬ್ಬಾರ 1454ರಲ್ಲಿ ವಿಜಯನಗರದ ಅಪ್ಪಣೆ ಪಡೆದು ಇಲ್ಲಿ ಕೋಟೆ ಕಟ್ಟಿಸಿದಾಗ ಅರ್ಧ ಕೆಲಸವನ್ನು ಕಾವೇರಿಯೇ ಮಾಡಿಟ್ಟಿದ್ದಳು. ಸುತ್ತ ಹೊಳೆ, ನಡುವೆ ದ್ವೀಪ. ಮುಂದೆ ಹೈದರ್, ಟಿಪ್ಪು ಕಾಲದಲ್ಲಿ ಗೋಡೆಗಳೂ ಕಂದಕಗಳೂ ಬಲಗೊಂಡವು. ಅವರ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಿತ್ತು. ಅದೇ ಇಂದಿನ ಪಾಂಡವಪುರ.

ಆದರೆ ಹೊಳೆಯೆಂಬ ಕಂದಕ ಮಳೆಗಾಲಕ್ಕಷ್ಟೇ ಕಾವಲು. ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿದ್ದ ಬ್ರಿಟಿಷ್ ಸೇನೆಯ ಜನರಲ್ ಹ್ಯಾರಿಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಮುಂಗಾರು ಹಿಡಿದು ಕಾವೇರಿ ಏರಿದರೆ ಮುತ್ತಿಗೆಯೇ ಮುಳುಗುತ್ತಿತ್ತು. 1799ರ ಮೇ 4ರ ಮಧ್ಯಾಹ್ನ, ಬಂಡೆಗಳು ಎದ್ದು ಕಾಣುತ್ತಿದ್ದ ಹೊಳೆಯನ್ನು ಹ್ಯಾರಿಸನ ಸೇನಾನಿ ಬೇರ್ಡ್‌ನ ಸೈನಿಕರು ಕೆಲವೇ ನಿಮಿಷಗಳಲ್ಲಿ ದಾಟಿ, ವಾಯವ್ಯದಲ್ಲಿ ಗುಂಡು ಹೊಡೆದು ಬೀಳಿಸಿದ್ದ ಗೋಡೆಯನ್ನು ಹತ್ತಿದರು. ಹತ್ತಿ ನೋಡಿದರೆ ಒಳಗೆ ಇನ್ನೊಂದು ಗೋಡೆ, ನಡುವೆ ನೀರು ತುಂಬಿದ ಇನ್ನೊಂದು ಕಂದಕ! ಅವರು ಬೆಚ್ಚಿದ್ದು ಅಲ್ಲೇ. ಹೊಳೆ ತಡೆಯದ್ದನ್ನು ತೋಡಿದ ಕಂದಕ ಒಂದು ಗಳಿಗೆಯಾದರೂ ತಡೆಯಿತು. ಅಂದೇ ಟಿಪ್ಪು ಉತ್ತರದ ಬಾಗಿಲ ಬಳಿ ಹೋರಾಡುತ್ತ ಬಿದ್ದ.

ಮರುವರ್ಷ ಕಂಪನಿಯ ಪರವಾಗಿ ಸಮೀಕ್ಷೆಗೆ ಬಂದ ಬುಕಾನನ್ ಇಡೀ ಕೋಟೆಯನ್ನೇ ಅರೆಬರೆ, ಅಕುಶಲ ಕೆಲಸವೆಂದು ಬರೆದಿಟ್ಟ. ಕಂದಕದಾಚೆಯ ಏರಿ ದಾಳಿ ಮಾಡುವವರಿಗೇ ಮರೆಯಾಗುತ್ತದೆ ಎಂಬುದು ಅವನ ಒಂದು ತಕರಾರು. ಗೆದ್ದವರ ಕಡೆಯ ಮಾತು, ಸ್ವಲ್ಪ ಅನುಮಾನದಿಂದಲೇ ಕೇಳಬೇಕು.

ನೋಡುವ ಮನಸ್ಸಿದ್ದರೆ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಹೋಗಿ. ಹೊಳೆಯ ಬಂಡೆಗಳನ್ನು ನೀವೇ ಎಣಿಸಬಹುದು, ಆ ದಿನ ಮೇಲಿನ ಕನ್ನಂಬಾಡಿ ಅಣೆಕಟ್ಟೆಯಲ್ಲಿ ಗೇಟು ತೆಗೆದಿರದಿದ್ದರೆ.