ಪ್ರವಾಸದ ಮೋಟಾರು ಸೈಕಲಿಗೆ ಸೈಲೆನ್ಸರ್ ಆಯ್ಕೆ

ಮೋಟಾರು ಸೈಕಲಿನ ಮೇಲೆ ದೂರ ಪ್ರಯಾಣ ಮಾಡುವ ಹವ್ಯಾಸ ನಮ್ಮ ದೇಶದಲ್ಲಿ ವ್ಯಾಪಕವಾಗಿ ಬೆಳೆದಿದೆ. ಮುಂಬಯಿಯಿಂದ ಕೊಂಕಣ ತೀರದ ಗುಂಟ ಗೋವೆಗೆ, ಹೈದರಾಬಾದಿನಿಂದ ಶ್ರೀಶೈಲದ ಕಾಡುದಾರಿಗೆ, ಚೆನ್ನೈಯಿಂದ ಪುದುಚೇರಿಗೆ, ದೆಹಲಿಯಿಂದ ಮನಾಲಿಯ ಮಾರ್ಗವಾಗಿ ಲೇಹ್‌ಗೆ ಹೊರಡುವ ಸವಾರರನ್ನು ಇಂದು ಎಲ್ಲೆಡೆ ಕಾಣಬಹುದು. ಇಂಥ ಸವಾರರಲ್ಲಿ ಹಲವರು ವಾಹನದೊಡನೆ ಬಂದ ಸೈಲೆನ್ಸರನ್ನು ತೆಗೆದು, ಮಾರುಕಟ್ಟೆಯಲ್ಲಿ ದೊರೆಯುವ ಬೇರೊಂದನ್ನು ಜೋಡಿಸಲು ಬಯಸುತ್ತಾರೆ. ತೂಕ ಕಡಿಮೆಯಾಗಲಿ, ಶಕ್ತಿ ಹೆಚ್ಚಲಿ, ನಾದ ಗಂಭೀರವಾಗಲಿ ಎಂಬುದು ಅವರ ಆಶಯ. ಈ ಆಶಯಗಳಲ್ಲಿ ಯಾವುವು ಕೈಗೂಡುತ್ತವೆ, ಯಾವುವು ಕೈಗೂಡುವುದಿಲ್ಲ, ಕಾನೂನು ಏನನ್ನು ಒಪ್ಪುತ್ತದೆ ಎಂಬ ಸಂಗತಿಗಳನ್ನು ಹಣ ತೆರುವ ಮೊದಲೇ ತಿಳಿದಿರುವುದು ಒಳ್ಳೆಯದು.

ಸೈಲೆನ್ಸರಿನ ಕೆಲಸ

ಎಂಜಿನ್ನಿನೊಳಗೆ ಪೆಟ್ರೋಲು ಉರಿದ ಬಳಿಕ ಉಳಿಯುವ ಅನಿಲವು ಹೆಚ್ಚಿನ ಉಷ್ಣತೆ ಹಾಗೂ ಒತ್ತಡದಲ್ಲಿ ಹೊರಬೀಳುತ್ತದೆ. ಅದು ಮೊದಲು ಬೆಂಡ್ ಪೈಪನ್ನು, ಅನಂತರ ಹೊಸ ವಾಹನಗಳಲ್ಲಿ ಕೆಟಲಿಟಿಕ್ ಕನ್ವರ್ಟರನ್ನು, ಕೊನೆಗೆ ಸೈಲೆನ್ಸರನ್ನು ಹಾಯ್ದು ಗಾಳಿಗೆ ಸೇರುತ್ತದೆ. ಸದ್ದನ್ನು ತಗ್ಗಿಸುವ ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಸೈಲೆನ್ಸರಿನ ಒಳಭಾಗವನ್ನು ತಗಡಿನ ಅಡ್ಡಗೋಡೆಗಳಿಂದ ಹಲವು ಕೋಣೆಗಳಾಗಿ ವಿಭಾಗಿಸಿರುತ್ತಾರೆ; ಒಂದು ಕೋಣೆಯಿಂದ ಮತ್ತೊಂದಕ್ಕೆ ಸಾಗುವಾಗ ಶಬ್ದದ ಅಲೆಗಳು ಪರಸ್ಪರ ತಾಗಿ ಕ್ಷೀಣಿಸುತ್ತವೆ. ಎರಡನೆಯದರಲ್ಲಿ ತೂತುಗಳಿರುವ ನೇರ ಕೊಳವೆಯ ಸುತ್ತ ಗಾಜಿನ ನಾರು ಅಥವಾ ಕಲ್ಲುನಾರನ್ನು ತುಂಬಿರುತ್ತಾರೆ. ಆ ನಾರು ಸದ್ದನ್ನು ಹೀರಿಕೊಳ್ಳುತ್ತದೆ.

ಕಂಪನಿಯಿಂದ ಬರುವ ಸೈಲೆನ್ಸರುಗಳು ಬಹುಪಾಲು ಮೊದಲ ಬಗೆಯವು. ಅವು ಭಾರವಾದರೂ ದೀರ್ಘಕಾಲ ಬಾಳುತ್ತವೆ. ಹೊರಗೆ ಮಾರಾಟವಾಗುವವು ಹೆಚ್ಚಾಗಿ ಎರಡನೆಯ ಬಗೆಯವು. ಅವು ಹಗುರ, ಆದರೆ ಒಳಗಿನ ನಾರು ಕ್ರಮೇಣ ಸುಟ್ಟು ಸವೆಯುತ್ತದೆ. ಕೊಂಡ ದಿನ ಹಿತವಾಗಿದ್ದ ಸದ್ದು ಕೆಲವು ಸಾವಿರ ಕಿಲೋಮೀಟರುಗಳ ಬಳಿಕ ಕರ್ಕಶವಾಗುವುದಕ್ಕೆ ಇದೇ ಕಾರಣ. ಆದುದರಿಂದ ನಾರನ್ನು ಮತ್ತೆ ತುಂಬಿಸಲು ಅನುಕೂಲವಿದೆಯೇ ಎಂದು ಕೇಳಿ ತಿಳಿಯಬೇಕು.

ಬದಲಾವಣೆಯಲ್ಲಿಯೂ ಎರಡು ಬಗೆಗಳುಂಟು. ಬೆಂಡ್ ಪೈಪನ್ನು ಹಾಗೆಯೇ ಉಳಿಸಿಕೊಂಡು ಹಿಂದಿನ ಸೈಲೆನ್ಸರನ್ನು ಮಾತ್ರ ಬದಲಿಸುವುದು ಒಂದು. ಇದನ್ನು ಸ್ಲಿಪ್ ಆನ್ ಎನ್ನುತ್ತಾರೆ. ಎಂಜಿನ್ನಿನಿಂದ ಹಿಡಿದು ಕೊನೆಯವರೆಗೆ ಎಲ್ಲವನ್ನೂ ಬದಲಿಸುವುದು ಇನ್ನೊಂದು. ಇದು ಫುಲ್ ಸಿಸ್ಟಮ್. ಎರಡನೆಯದರಲ್ಲಿ ಸಾಮಾನ್ಯವಾಗಿ ಕೆಟಲಿಟಿಕ್ ಕನ್ವರ್ಟರ್ ಹೊರಟುಹೋಗುತ್ತದೆ. ಇದರ ಪರಿಣಾಮವೇನೆಂಬುದನ್ನು ಮುಂದೆ ನೋಡೋಣ.

ಶಕ್ತಿ ನಿಜವಾಗಿಯೂ ಹೆಚ್ಚುವುದೇ?

ಹೊಗೆ ಸರಾಗವಾಗಿ ಹೊರಟರೆ ಎಂಜಿನ್ನಿನ ಶಕ್ತಿ ತಾನಾಗಿಯೇ ಹೆಚ್ಚುತ್ತದೆಂಬ ನಂಬಿಕೆ ಬಹಳ ಪ್ರಚಲಿತವಾಗಿದೆ. ಇದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಗೆ ಹೋಗುವ ವಾಲ್ವು ಮುಚ್ಚುವ ಮೊದಲೇ ಹೊಸ ಮಿಶ್ರಣ ಬರುವ ವಾಲ್ವು ತೆರೆಯುತ್ತದೆ. ಆ ಅಲ್ಪ ಅವಧಿಯಲ್ಲಿ ಕೊಳವೆಯಲ್ಲಿ ಓಡುತ್ತಿರುವ ಅನಿಲದ ಸೆಳೆತವು ಉಳಿದ ಹೊಗೆಯನ್ನು ಎಳೆದುಕೊಳ್ಳಲು ನೆರವಾಗುತ್ತದೆ. ಈ ಸೆಳೆತ ಯಾವ ವೇಗದಲ್ಲಿ ಚೆನ್ನಾಗಿ ಒದಗಬೇಕೆಂಬುದನ್ನು ಕೊಳವೆಯ ಉದ್ದವೂ ವ್ಯಾಸವೂ ನಿರ್ಧರಿಸುತ್ತವೆ. ಗಿಡ್ಡನೆಯ, ಅಗಲವಾದ ಕೊಳವೆಯು ಅತಿ ವೇಗದ ತಿರುಗಾಟದಲ್ಲಿ ತುಸು ಲಾಭ ಕೊಟ್ಟು, ಮಧ್ಯಮ ವೇಗದಲ್ಲಿ ಎಳೆಯುವ ಬಲವನ್ನು ಕುಗ್ಗಿಸಬಹುದು. ಹಿಂಬದಿ ಸವಾರ ಮತ್ತು ಸಾಮಾನಿನೊಡನೆ ಘಟ್ಟ ಹತ್ತುವ ಪ್ರವಾಸಿಗೆ ಬೇಕಾಗಿರುವುದು ಈ ಮಧ್ಯಮ ವೇಗದ ಬಲವೇ.

ಎರಡು ಸ್ಟ್ರೋಕಿನ ಹಳೆಯ ವಾಹನಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ವಾಹನಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರಿದ್ದಾರೆ. ಇಂಥ ಎಂಜಿನ್ನುಗಳಲ್ಲಿ ವಾಲ್ವುಗಳಿಲ್ಲ. ಸೈಲೆನ್ಸರಿನಿಂದ ಹಿಂದಿರುಗುವ ಒತ್ತಡದ ಅಲೆಯು, ಉರಿಯದೆ ಹೊರಹೋಗುತ್ತಿರುವ ಹೊಸ ಮಿಶ್ರಣವನ್ನು ತಡೆದು ಒಳಕ್ಕೆ ತಳ್ಳುತ್ತದೆ. ಅಲ್ಲಿ ಸೈಲೆನ್ಸರಿನ ಆಕಾರವು ಎಂಜಿನ್ನಿನದೇ ಒಂದು ಅಂಗ. ಅಳತೆ ತಪ್ಪಿದ ಸೈಲೆನ್ಸರ್ ಹಾಕಿದರೆ ಬಲ ಕುಗ್ಗುವುದರ ಜೊತೆಗೆ ಪೆಟ್ರೋಲೂ ವ್ಯರ್ಥವಾಗುತ್ತದೆ.

ಲಡಾಖಿನ ಎತ್ತರದ ಕಣಿವೆದಾರಿಗಳಿಗಾಗಿಯೇ ಸೈಲೆನ್ಸರ್ ಬದಲಿಸುವವರೂ ಉಂಟು. ಸಮುದ್ರಮಟ್ಟದಿಂದ ಐದು ಸಾವಿರ ಮೀಟರಿಗೂ ಮೇಲಿರುವ ಖರ್ದುಂಗ್ ಲಾದಂಥ ಸ್ಥಳಗಳಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧದಷ್ಟಿರುತ್ತದೆ. ಅಲ್ಲಿ ಎಂಜಿನ್ ಸೊರಗುವುದು ಒಳಕ್ಕೆ ಬರುವ ಆಮ್ಲಜನಕದ ಕೊರತೆಯಿಂದಲೇ ಹೊರತು ಹೊಗೆಯ ಅಡಚಣೆಯಿಂದಲ್ಲ. ಆ ಕೊರತೆಯನ್ನು ಯಾವ ಸೈಲೆನ್ಸರೂ ನೀಗಿಸಲಾರದು.

ಸದ್ದು, ಕಿವಿ ಮತ್ತು ಆಯಾಸ

ಸದ್ದನ್ನು ಅಳೆಯುವ ಡೆಸಿಬೆಲ್ ಮಾನವು ನಮ್ಮ ದಿನನಿತ್ಯದ ಎಣಿಕೆಯಂತಲ್ಲ. 80 ಡೆಸಿಬೆಲ್ 90ಕ್ಕೆ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ; ಕಿವಿಗೆ ಅದು ಸುಮಾರು ಎರಡರಷ್ಟು ಜೋರಾಗಿ ಕೇಳಿಸುತ್ತದೆ. ಶ್ರವಣ ಆರೋಗ್ಯದ ತಜ್ಞರು ಸಾಮಾನ್ಯವಾಗಿ ಅನುಸರಿಸುವ ಲೆಕ್ಕದಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಳ ಕಾಲ ಸಹಿಸಬಹುದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧವಾಗುತ್ತದೆ; 94 ಡೆಸಿಬೆಲ್‌ಗೆ ಉಳಿಯುವುದು ಒಂದೇ ಗಂಟೆ. ಹೆದ್ದಾರಿಯಲ್ಲಿ ಹೆಲ್ಮೆಟ್ಟಿನ ಸುತ್ತ ಬೀಸುವ ಗಾಳಿಯ ಸದ್ದೇ ಸಾಕಷ್ಟಿರುವಾಗ, ಅದಕ್ಕೆ ಸೈಲೆನ್ಸರಿನ ಅಬ್ಬರವೂ ಸೇರುವುದು ಕಿವಿಗೆ ಹೊರೆ. ಒಮ್ಮೆ ನಾಶವಾದ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಮತ್ತೆ ಬೆಳೆಯುವುದಿಲ್ಲ.

ಇನ್ನೊಂದು ಸಂಗತಿ ಅಂಗಡಿಯ ಮುಂದೆ ನಿಂತು ಕೇಳಿದಾಗ ತಿಳಿಯುವಂಥದಲ್ಲ. ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 4,800 ಸುತ್ತು ತಿರುಗುವಾಗ ಸೆಕೆಂಡಿಗೆ 40 ಬಾರಿ ಹೊಗೆಯ ಬಡಿತ ಹೊರಬರುತ್ತದೆ. ಇಷ್ಟು ತಗ್ಗಿನ ಸ್ಥಾಯಿಯ ಗುಂಯ್ಗುಟ್ಟುವಿಕೆಯನ್ನು ಹೆಲ್ಮೆಟ್ ಅಷ್ಟಾಗಿ ತಡೆಯದು. ಒಂದೇ ವೇಗದಲ್ಲಿ ಆರೇಳು ಗಂಟೆ ಸಾಗುವ ಪ್ರವಾಸಿಗೆ ಇದು ತಲೆನೋವನ್ನೂ ಮಂಕನ್ನೂ ತರುತ್ತದೆ. ದಣಿದ ಸವಾರನ ಗಮನ ತಪ್ಪುವುದೇ ಅಪಘಾತಕ್ಕೆ ದಾರಿ.

ಹೊಗೆಯ ಪ್ರಶ್ನೆ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್ 6 ಮಾನದಂಡ ಜಾರಿಯಲ್ಲಿದೆ. ಈ ವಾಹನಗಳಲ್ಲಿ ಬೆಂಡ್ ಪೈಪಿಗೆ ಜೋಡಿಸಿದ ಆಮ್ಲಜನಕ ಸೆನ್ಸರು ಹೊಗೆಯನ್ನು ಪರೀಕ್ಷಿಸಿ, ಎಷ್ಟು ಪೆಟ್ರೋಲು ಚಿಮ್ಮಿಸಬೇಕೆಂಬುದನ್ನು ಗಣಕಕ್ಕೆ ತಿಳಿಸುತ್ತಿರುತ್ತದೆ. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಪ್ಲಾಟಿನಂ, ಪಲ್ಲಾಡಿಯಂ ಮತ್ತು ರೋಡಿಯಂ ಲೋಹಗಳ ಲೇಪನವುಳ್ಳ ಕೆಟಲಿಟಿಕ್ ಕನ್ವರ್ಟರು ಈ ಪ್ರಮಾಣದ ಆಸುಪಾಸಿನಲ್ಲಿ ಮಾತ್ರ ಮೂರು ಬಗೆಯ ವಿಷಾನಿಲಗಳನ್ನೂ ಒಟ್ಟಿಗೆ ನಿವಾರಿಸಬಲ್ಲದು. ಅವು ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್ನುಗಳು ಮತ್ತು ನೈಟ್ರೋಜನ್ ಆಕ್ಸೈಡುಗಳು.

ಕನ್ವರ್ಟರನ್ನು ತೆಗೆದುಹಾಕಿದರೆ ಈ ವಿಷಾನಿಲಗಳು ನೇರವಾಗಿ ಗಾಳಿಗೆ ಸೇರುತ್ತವೆ. ಅವುಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಸವಾರರೂ, ರಸ್ತೆಬದಿಯ ವ್ಯಾಪಾರಿಗಳೂ ಉಸಿರಾಡುವುದು ಇದನ್ನೇ. ಸೆನ್ಸರನ್ನು ಸರಿಯಾಗಿ ಕೂರಿಸದಿದ್ದರೆ ಪೆಟ್ರೋಲಿನ ಲೆಕ್ಕ ತಪ್ಪಿ, ಎಂಜಿನ್ ಅತಿಯಾಗಿ ಕಾಯಬಹುದು ಅಥವಾ ಮೈಲೇಜ್ ಇಳಿಯಬಹುದು.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೆಯ ನಿಯಮದಂತೆ ಪ್ರತಿಯೊಂದು ಮೋಟಾರು ವಾಹನಕ್ಕೂ ಹೊಗೆಯ ಸದ್ದನ್ನು ಸಾಧ್ಯವಿದ್ದಷ್ಟು ತಗ್ಗಿಸುವ ಸೈಲೆನ್ಸರ್ ಇರತಕ್ಕದ್ದು. ತಯಾರಿಕೆಯ ಹಂತದಲ್ಲಿ ದ್ವಿಚಕ್ರ ವಾಹನಗಳಿಗೆ 2005ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಬ್ದಮಿತಿಗಳು ಹೀಗಿವೆ: 80 ಸಿ.ಸಿ.ವರೆಗೆ 75 ಡೆಸಿಬೆಲ್, 80ರಿಂದ 175 ಸಿ.ಸಿ.ವರೆಗೆ 77 ಡೆಸಿಬೆಲ್, 175 ಸಿ.ಸಿ.ಗೆ ಮೇಲ್ಪಟ್ಟವಕ್ಕೆ 80 ಡೆಸಿಬೆಲ್. ಇದನ್ನು ಸಾಗುತ್ತಿರುವ ವಾಹನದಿಂದ 7.5 ಮೀಟರ್ ದೂರದಲ್ಲಿ, ನಿಗದಿತ ಕ್ರಮದಲ್ಲಿ ಅಳೆಯುತ್ತಾರೆ. ಮೊಬೈಲ್ ಫೋನನ್ನು ಸೈಲೆನ್ಸರಿನ ಬಳಿ ಹಿಡಿದು ನೋಡಿದ ಅಂಕಿಯನ್ನು ಇದರೊಡನೆ ಹೋಲಿಸಲಾಗದು.

ಮೋಟಾರು ವಾಹನ ಅಧಿನಿಯಮ, 1988ರ 52ನೆಯ ಪ್ರಕರಣವು ಉತ್ಪಾದಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಶಬ್ದ ಹಾಗೂ ವಾಯುಮಾಲಿನ್ಯದ ಮಾನದಂಡಗಳನ್ನು ಮೀರಿದ ವಾಹನವನ್ನು ಚಲಾಯಿಸಿದರೆ, 190ನೆಯ ಪ್ರಕರಣದಂತೆ ಮೊದಲ ಬಾರಿಗೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು. ಚಾಲನಾ ಪರವಾನಗಿಯೂ ಮೂರು ತಿಂಗಳು ಅನರ್ಹಗೊಳ್ಳುತ್ತದೆ. ಸ್ಥಳದಲ್ಲಿಯೇ ಇತ್ಯರ್ಥಪಡಿಸುವ ದಂಡದ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ, ಗಡಿ ದಾಟಿ ಹೋಗುವ ಪ್ರವಾಸಿಗಳು ಇದನ್ನು ಗಮನದಲ್ಲಿರಿಸಿಕೊಳ್ಳಬೇಕು.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ಹೋಗಲಾಡಿಸುವುದು ಅಗತ್ಯ. ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರವಿದ್ದರೆ ಸೈಲೆನ್ಸರೂ ಕ್ರಮಬದ್ಧವೆಂದು ಹಲವರು ಭಾವಿಸುತ್ತಾರೆ. ಆ ಪರೀಕ್ಷೆಯಲ್ಲಿ ನಿಂತ ವಾಹನದ ಹೊಗೆಯನ್ನು ನೋಡುತ್ತಾರೆಯೇ ಹೊರತು ಸದ್ದನ್ನು ಅಳೆಯುವುದಿಲ್ಲ. ಆಮದಾದ ಸೈಲೆನ್ಸರಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರದ ಗುರುತಿದ್ದರೆ ಸಾಕೆಂಬುದು ಇನ್ನೊಂದು. ಅದು ಯುರೋಪಿನಲ್ಲಿ ಬಳಕೆಯಲ್ಲಿರುವ ಅನುಮೋದನೆಯ ಗುರುತು. ನಿರ್ದಿಷ್ಟ ಮಾದರಿಯ ವಾಹನಕ್ಕೆ ಮಾತ್ರ ಸಂಬಂಧಿಸಿದ್ದು. ತಯಾರಿಕೆಯ ಗುಣಮಟ್ಟಕ್ಕೆ ಅದು ಒಂದು ಸಾಕ್ಷಿಯಾಗಬಹುದು, ಆದರೆ ಭಾರತದ ಅನುಮೋದನೆಗೆ ಬದಲಿಯಾಗಲಾರದು. ನಮ್ಮಲ್ಲಿ ವಾಹನಗಳ ಮಾದರಿ ಪರೀಕ್ಷೆಯನ್ನು ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾದಂಥ ಮಾನ್ಯತೆ ಪಡೆದ ಸಂಸ್ಥೆಗಳು ನಡೆಸುತ್ತವೆ.

ಕೊಳ್ಳುವ ಮುನ್ನ

ಮೇಲಿನ ಸಂಗತಿಗಳಿಂದ ಆಯ್ಕೆಯ ದಾರಿ ಸ್ಪಷ್ಟವಾಗುತ್ತದೆ. ವಾಹನದ ಉತ್ಪಾದಕರೇ ಅದೇ ಮಾದರಿಗೆಂದು ಒದಗಿಸುವ, ಅನುಮೋದನೆ ಪಡೆದ ಸೈಲೆನ್ಸರುಗಳಿದ್ದರೆ ಅವನ್ನೇ ಮೊದಲು ಪರಿಶೀಲಿಸಬೇಕು. ಬೇರೆ ತಯಾರಕರದನ್ನು ಆರಿಸುವುದಾದರೆ, ತಮ್ಮ ವಾಹನದ ಮಾದರಿಗೆ ಭಾರತದಲ್ಲಿ ಪರೀಕ್ಷೆಯಾಗಿದೆಯೆಂಬ ಲಿಖಿತ ಪ್ರಮಾಣವನ್ನು ಮಾರಾಟಗಾರರಿಂದ ಕೇಳಬೇಕು. ಬಾಯಿಮಾತಿನ ಭರವಸೆ ಸಾಲದು. ಅಂಥ ಪ್ರಮಾಣವಿಲ್ಲದ ವಸ್ತು ಮುಚ್ಚಿದ ಸ್ಪರ್ಧಾಕಣಕ್ಕೆ ಯೋಗ್ಯವೇ ಹೊರತು ಸಾರ್ವಜನಿಕ ರಸ್ತೆಗಲ್ಲ. ಒಳಗಿನ ಶಬ್ದನಿರೋಧಕ ತುಂಡನ್ನು ತೆಗೆದುಹಾಕುವುದರಿಂದ ಅನುಮೋದಿತ ಸೈಲೆನ್ಸರೂ ಅಕ್ರಮವಾಗುತ್ತದೆ. ವಾಹನದ ವಾರಂಟಿ ಮತ್ತು ವಿಮೆಯ ಷರತ್ತುಗಳನ್ನು ಮುಂಚಿತವಾಗಿ ಓದಿ, ಬದಲಾವಣೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಬೇಕು.

ಲೋಹದ ಆಯ್ಕೆಯೂ ಮುಖ್ಯ. ಸುಮಾರು ಶೇಕಡ 18 ಕ್ರೋಮಿಯಂ ಮತ್ತು ಶೇಕಡ 8 ನಿಕೆಲ್ ಇರುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಮಳೆ ಮತ್ತು ಕರಾವಳಿಯ ಉಪ್ಪುಗಾಳಿಗೆ ಚೆನ್ನಾಗಿ ತಾಳುತ್ತದೆ. ಟೈಟಾನಿಯಂ ಉಕ್ಕಿಗಿಂತ ಬಹಳ ಹಗುರ, ಆದರೆ ಬೆಲೆ ಅಧಿಕ; ದೂರದ ಊರಿನಲ್ಲಿ ಬಿರುಕು ಬಿಟ್ಟರೆ ಅದನ್ನು ಬೆಸೆಯಬಲ್ಲವರು ಸಿಗುವುದು ಕಷ್ಟ. ಸಾಧಾರಣ ಉಕ್ಕಿನದಾದರೆ ರಸ್ತೆಬದಿಯ ವೆಲ್ಡಿಂಗ್ ಅಂಗಡಿಯಲ್ಲೂ ರಿಪೇರಿಯಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದ ಚಿಕ್ಕ ಓಡಾಟಗಳಲ್ಲಿ ಇದು ಸೈಲೆನ್ಸರಿನೊಳಗೇ ನೀರಾಗಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ತಳದಲ್ಲಿರುವ ಚಿಕ್ಕ ರಂಧ್ರವು ಈ ನೀರು ಸೋರಿಹೋಗಲೆಂದೇ ಇರುವುದು, ಅದನ್ನು ಮುಚ್ಚಬಾರದು.

ಅಂಗಡಿಯಲ್ಲಿಯೇ ಸೈಲೆನ್ಸರನ್ನು ಜೋಡಿಸಿ ನೋಡುವುದು ಲೇಸು. ಪಕ್ಕದ ಚೀಲಗಳನ್ನು ಕಟ್ಟಿ, ಹಿಂದೆ ಒಬ್ಬರನ್ನು ಕೂರಿಸಿ, ಚೀಲ ತಗಲುವುದೇ, ಹಿಂಬದಿ ಸವಾರರ ಕಾಲಿಗೆ ಅಥವಾ ಸೀರೆಯ ಅಂಚಿಗೆ ಬಿಸಿ ಕೊಳವೆ ತಾಗುವುದೇ, ಸೆಂಟರ್ ಸ್ಟ್ಯಾಂಡ್ ಸರಾಗವಾಗಿ ಏಳುವುದೇ, ಹಳ್ಳ ಬಿದ್ದ ರಸ್ತೆಯಲ್ಲಿ ನೆಲಕ್ಕೆ ಬಡಿಯುವಷ್ಟು ತಗ್ಗಿದೆಯೇ ಎಂದು ಪರೀಕ್ಷಿಸಬೇಕು. ಜೋಡಿಸುವಾಗ ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಬಳಸದೆ ಹೊಸದನ್ನೇ ಹಾಕಿಸಬೇಕು. ಆಕ್ಸಿಲರೇಟರ್ ಬಿಟ್ಟಾಗ ಪಟಪಟನೆ ಸಿಡಿಯುವ ಸದ್ದು ಕೇಳಿದರೆ, ಸಂದಿಯಲ್ಲಿ ಗಾಳಿ ಸೇರುತ್ತಿದೆಯೆಂದು ಶಂಕಿಸಿ ತೋರಿಸಬೇಕು. ಮೊದಲ ನೂರಿನ್ನೂರು ಕಿಲೋಮೀಟರುಗಳ ಬಳಿಕ ನಟ್ಟು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು. ಮೂಲ ಸೈಲೆನ್ಸರನ್ನು ಗುಜರಿಗೆ ಹಾಕದೆ ಒಣ ಜಾಗದಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ವಾಹನದ ಮಾರಾಟ ಅಥವಾ ತಪಾಸಣೆಯ ಸಂದರ್ಭದಲ್ಲಿ ಅದು ಬೇಕಾಗುತ್ತದೆ.

ಆಸ್ಪತ್ರೆ, ಶಾಲೆ ಮತ್ತು ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ವ್ಯಾಪ್ತಿಯನ್ನು ಶಬ್ದಮಾಲಿನ್ಯ ನಿಯಮಗಳು, 2000 ನಿಶ್ಶಬ್ದ ವಲಯವಾಗಿ ಘೋಷಿಸಲು ಅವಕಾಶ ನೀಡುತ್ತವೆ. ಅಲ್ಲಿ ರಾತ್ರಿಯ ಮಿತಿ 40 ಡೆಸಿಬೆಲ್ ಮಾತ್ರ. ನಸುಕಿನಲ್ಲಿ ಪ್ರವಾಸ ಹೊರಡುವ ಸವಾರನು ಹಾಯ್ದುಹೋಗುವ ಬೀದಿಗಳಲ್ಲಿ ರೋಗಿಗಳೂ ಕೂಸುಗಳೂ ಮಲಗಿರುತ್ತಾರೆ. ಅವರ ನಿದ್ದೆಯನ್ನು ಕೆಡಿಸದೆ ಊರು ದಾಟಿಸುವ ಸೈಲೆನ್ಸರೇ ಸವಾರನ ಕಿವಿಯನ್ನೂ, ಎಂಜಿನ್ನಿನ ಬಲವನ್ನೂ, ಪರವಾನಗಿಯನ್ನೂ ಕಾಪಾಡುವಂಥದು.