ಹನ್ನೊಂದರಿಂದ ಆರಂಭವಾದ ಕಥೆ

'ಅಮರ ಚಿತ್ರ ಕಥೆ'ಯ ಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ಕೂಡಿಸಿಡಬೇಕೆಂಬ ಹಂಬಲವುಳ್ಳವರಿಗೆ ಆರಂಭದಲ್ಲಿಯೇ ಒಂದು ಒಗಟು ಎದುರಾಗುತ್ತದೆ. ಆ ಮಾಲಿಕೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಮೊದಲನೆಯದೆಂದು ಪ್ರಸಿದ್ಧವಾದದ್ದು 'ಕೃಷ್ಣ'. ಆದರೆ ಅದರ ಕ್ರಮಸಂಖ್ಯೆ ಹನ್ನೊಂದು! ಹಾಗಾದರೆ ಒಂದರಿಂದ ಹತ್ತರವರೆಗಿನ ಪುಸ್ತಕಗಳು ಎಲ್ಲಿ ಹೋದವು?

ಅವು ಎಲ್ಲಿಯೂ ಹೋಗಲಿಲ್ಲ, ಬೆಂಗಳೂರಿನಲ್ಲಿಯೇ ಇದ್ದವು. ಇಂಗ್ಲಿಷಿನಲ್ಲಿ ಹುಡುಕಿದವರಿಗೆ ಸಿಗಲಿಲ್ಲ, ಅಷ್ಟೆ. ಏಕೆಂದರೆ ಆ ಹತ್ತೂ ಪುಸ್ತಕಗಳು ಅಚ್ಚಾದದ್ದು ಕನ್ನಡದಲ್ಲಿ.

ಭಾರತದ ಮಕ್ಕಳ ಓದಿನ ಇತಿಹಾಸದಲ್ಲಿ ಇಷ್ಟು ದೊಡ್ಡ ಘಟನೆ ಇಷ್ಟು ಸದ್ದಿಲ್ಲದೆ ನಡೆದದ್ದು ಅಪರೂಪವೆಂದೇ ಹೇಳಬೇಕು. 1965ರಲ್ಲಿ 'ಇಂಡಿಯಾ ಬುಕ್ ಹೌಸ್' ಸಂಸ್ಥೆಯ ಪರವಾಗಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಹೊಣೆ ಹೊತ್ತಿದ್ದ ಜಿ.ಕೆ. ಅನಂತರಾಮ್ ಎಂಬವರು, ಮಕ್ಕಳಿಗಾಗಿ ವರ್ಣಚಿತ್ರಗಳ ಕಥಾಪುಸ್ತಕಗಳನ್ನು ಕನ್ನಡದಲ್ಲಿ ತರಬಹುದೆಂಬ ಸಲಹೆಯನ್ನು ಮುಂದಿಟ್ಟರು. ಸಂಸ್ಥೆ ಒಪ್ಪಿತು. ಸಿಂಡರೆಲ್ಲ, ಅಲ್ಲಾದೀನ, ಪಿನೋಕಿಯೊ ಮೊದಲಾದ ಹೊರನಾಡಿನ ಕಥೆಗಳು ಕನ್ನಡದ ಮಾತನ್ನಾಡುತ್ತ ಅಂಗಡಿಗೆ ಬಂದವು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಈ ಯಶಸ್ಸನ್ನು ಕಂಡೇ ಸಂಸ್ಥೆಯ ಒಡೆಯರಾದ ಜಿ.ಎಲ್. ಮೀರ್‌ಚಂದಾನಿಯವರಿಗೆ ಮುಂಬಯಿಯಲ್ಲಿ ಇದೇ ಸಾಹಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಳ್ಳುವ ಧೈರ್ಯ ಬಂದಿತೆಂದು ಅನಂತರಾಮ್ ಹೇಳಿದ್ದುಂಟು.

ಆ ಸಾಹಸಕ್ಕೆ ಸಿಕ್ಕ ಮನುಷ್ಯನೂ ಕನ್ನಡ ನಾಡಿನವನೇ ಆದದ್ದು ಈ ಕಥೆಯ ಎರಡನೆಯ ಸ್ವಾರಸ್ಯ.

ಕಾರ್ಕಳದಿಂದ ಮುಂಬಯಿಗೆ

ಅನಂತ ಪೈ ಹುಟ್ಟಿದ್ದು 1929ನೆಯ ಇಸವಿ ಸೆಪ್ಟೆಂಬರ್ 17ರಂದು, ಕಾರ್ಕಳದಲ್ಲಿ. 1432ರಲ್ಲಿ ಬಂಡೆಯ ಮೇಲೆ ನಿಂತ ಬಾಹುಬಲಿಯು ಇಂದಿಗೂ ಊರನ್ನು ನೋಡುತ್ತಿರುವ ಆ ಕಾರ್ಕಳವು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ತಂದೆ ವೆಂಕಟರಾಯ ಪೈ, ತಾಯಿ ಸುಶೀಲಾ. ಮಗುವಿಗೆ ಎರಡು ವರ್ಷ ತುಂಬುವ ವೇಳೆಗೆ ಇಬ್ಬರೂ ತೀರಿಕೊಂಡಿದ್ದರು. ಮುಂದೆ ಕೋಟ್ಯಂತರ ಮಕ್ಕಳಿಗೆ ಕಥೆ ಹೇಳಬೇಕಾದವನಿಗೆ ತಾಯಿಯ ಮಡಿಲಲ್ಲಿ ಕಥೆ ಕೇಳಿದ ನೆನಪು ಉಳಿಯಲಿಲ್ಲ. ಬಂಧುಗಳ ಆಶ್ರಯದಲ್ಲಿ ಬೆಳೆದ ಹುಡುಗ ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದ.

ಓದಿದ್ದು ಸಾಹಿತ್ಯವನ್ನಲ್ಲ, ರಸಾಯನ ವಿಜ್ಞಾನವನ್ನು. ಮುಂಬಯಿ ವಿಶ್ವವಿದ್ಯಾನಿಲಯದ ಪದವಿ ಕೈಯಲ್ಲಿತ್ತು. ಪ್ರಯೋಗಾಲಯದಲ್ಲಿ ಕುಳಿತರೆ ಬಾಳು ಸುಗಮವಾಗಿ ಸಾಗುತ್ತಿತ್ತು. ಆದರೆ ಮನಸ್ಸು ಅಚ್ಚುಮೊಳೆಯ ಕಡೆಗೆ ವಾಲಿತ್ತು. 1954ರಲ್ಲಿ ಅವರು 'ಮಾನವ' ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಅನಂತರ ಅವರು 'ಟೈಮ್ಸ್ ಆಫ್ ಇಂಡಿಯಾ' ಸಂಸ್ಥೆಯ ಪುಸ್ತಕ ವಿಭಾಗದಲ್ಲಿ ನೌಕರಿಗೆ ಸೇರಿದರು. ಅಲ್ಲಿಯೇ ಅವರ ನಿಜವಾದ ಶಿಷ್ಯವೃತ್ತಿ ನಡೆಯಿತು.

ಅಮೆರಿಕದ ಗುರು

1964ರ ಮಾರ್ಚಿಯಲ್ಲಿ ಟೈಮ್ಸ್ ಸಂಸ್ಥೆಯು 'ಇಂದ್ರಜಾಲ ಕಾಮಿಕ್ಸ್' ಎಂಬ ಮಾಲಿಕೆಯನ್ನು ಹೊರತಂದಿತು. ಅದರ ಮುಖ್ಯ ನಾಯಕನು ಮುಖಗವಸು ತೊಟ್ಟ ಫ್ಯಾಂಟಮ್. ಈತನನ್ನೂ ಮಾಂತ್ರಿಕ ಮ್ಯಾಂಡ್ರೇಕನನ್ನೂ ಸೃಷ್ಟಿಸಿದವರು ಅಮೆರಿಕದ ಲೇಖಕ ಲೀ ಫಾಕ್. ಮ್ಯಾಂಡ್ರೇಕ್ 1934ರಲ್ಲಿ, ಫ್ಯಾಂಟಮ್ 1936ರಲ್ಲಿ ಅಮೆರಿಕದ ದಿನಪತ್ರಿಕೆಗಳಲ್ಲಿ ಕಾಣಿಸಿಕೊಂಡರು. 1999ರಲ್ಲಿ ತೀರಿಕೊಳ್ಳುವವರೆಗೂ ಫಾಕ್ ಆ ಕಥೆಗಳನ್ನು ಬರೆಯುತ್ತಲೇ ಇದ್ದರು. ಒಬ್ಬನೇ ಲೇಖಕನು ಅರುವತ್ತು ವರ್ಷಗಳಿಗೂ ಮಿಕ್ಕಿ ತನ್ನ ನಾಯಕರ ಕೈಬಿಡದೆ ನಡೆಸಿದ ಉದಾಹರಣೆ ಆ ಕ್ಷೇತ್ರದಲ್ಲಿ ವಿರಳ.

ಇಂತಹ ಕಥೆಗಳನ್ನು ಬರೆಯುವುದು ಕಾದಂಬರಿ ಬರೆದಷ್ಟು ಸರಳವೆಂದಾಗಲಿ, ಅದಕ್ಕಿಂತ ಹಗುರವೆಂದಾಗಲಿ ಭಾವಿಸಬಾರದು. ಕಾದಂಬರಿಕಾರನು ಮಳೆಯನ್ನು ಒಂದು ಪುಟ ವರ್ಣಿಸಬಹುದು. ಚಿತ್ರಕಥೆಯ ಲೇಖಕನಿಗೆ ಆ ಸ್ವಾತಂತ್ರ್ಯವಿಲ್ಲ. ಇಡೀ ಕಥೆಯನ್ನು ಚೌಕಗಳಾಗಿ ಒಡೆಯಬೇಕು. ಪ್ರತಿ ಚೌಕದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಯಾವ ಉಡುಪು, ಯಾವ ಮುಖಭಾವ ಎಂಬುದನ್ನು ಚಿತ್ರಕಾರನಿಗೆ ಬರೆದುಕೊಡಬೇಕು. ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಯಲ್ಲಿ ಹತ್ತಾರು ಪದಗಳಲ್ಲಿ ಮಾತು ಮುಗಿಯಬೇಕು. ಪುಟದ ಕೊನೆಯ ಚೌಕವು ಓದುಗನ ಕೈಯನ್ನು ಮುಂದಿನ ಪುಟಕ್ಕೆ ಎಳೆಯಬೇಕು. ಈ ಕಸುಬಿನ ಮರ್ಮವನ್ನು ಪೈಯವರು 'ಇಂದ್ರಜಾಲ'ದ ಮೇಜಿನ ಮುಂದೆ ಕುಳಿತು ಅರಿತುಕೊಂಡರು.

ಹೊರನಾಡಿನ ಕಥೆಯನ್ನು ಇಲ್ಲಿಯ ಮನೆಗೆ ಕರೆತರುವಾಗ ಮಾಡಬೇಕಾದ ತಿದ್ದುಪಡಿಗಳೂ ಆ ಮಾಲಿಕೆಯಲ್ಲಿ ನಡೆದವು. ಫ್ಯಾಂಟಮ್ ವಾಸಿಸುವ 'ಬಂಗಾಲ' ಎಂಬ ಕಾಡುನಾಡು ನಮ್ಮ ಬಂಗಾಳವನ್ನು ನೆನಪಿಗೆ ತರುತ್ತದೆಂದು ಅದನ್ನು 'ಡೆಂಕಾಲಿ' ಎಂದು ಬದಲಾಯಿಸಲಾಯಿತು. ಸಣ್ಣ ಸಂಗತಿಯಾದರೂ ಅದರಲ್ಲೊಂದು ಪಾಠವಿತ್ತು: ಚಿತ್ರಕಥೆ ಎಲ್ಲಿಯದಾದರೂ ಆಗಲಿ, ಓದುವ ಮಗು ಎಲ್ಲಿಯದೆಂಬುದನ್ನು ಮರೆಯುವಂತಿಲ್ಲ.

ರಾಮನ ತಾಯಿ ಯಾರು?

1967ರ ಫೆಬ್ರವರಿಯಲ್ಲಿ ಪೈಯವರು ದೆಹಲಿಗೆ ಹೋಗಿದ್ದರು. ಆಗ ದೇಶದಲ್ಲಿ ದೂರದರ್ಶನವಿದ್ದದ್ದು ದೆಹಲಿಯೊಂದರಲ್ಲೇ. ಪುಸ್ತಕದ ಅಂಗಡಿಯೊಂದರಲ್ಲಿ ಅವರು ವಿದ್ಯಾರ್ಥಿಗಳ ರಸಪ್ರಶ್ನೆಯ ಕಾರ್ಯಕ್ರಮವನ್ನು ನೋಡುತ್ತ ನಿಂತರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಬಂದಿತು. ರಾಮನ ತಾಯಿ ಯಾರೆಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಈ ಪ್ರಸಂಗವನ್ನು ಪೈಯವರು ಜೀವಮಾನವಿಡೀ ಹೇಳುತ್ತ ಬಂದರು. ಅದೇ ವರ್ಷ ಅವರು ಭದ್ರವಾದ ನೌಕರಿಯನ್ನು ಬಿಟ್ಟು, ಮೀರ್‌ಚಂದಾನಿಯವರ ಬೆಂಬಲದೊಡನೆ ಭಾರತದ ಕಥೆಗಳ ಮಾಲಿಕೆಗೆ ಕೈಹಾಕಿದರು.

ಇಲ್ಲಿ ಬೆಂಗಳೂರಿನ ಓದುಗರು ಒಂದು ಕ್ಷಣ ನಿಂತು ಯೋಚಿಸುವುದು ಲೇಸು. ಅರುವತ್ತರ ದಶಕದ ಚಾಮರಾಜಪೇಟೆಯ ಅಥವಾ ಬಸವನಗುಡಿಯ ಮಗುವಿಗೆ ಕೌಸಲ್ಯೆಯ ಹೆಸರು ತಿಳಿಯದೆ ಇರುವುದು ಸುಲಭವಾಗಿರಲಿಲ್ಲ. ಶ್ರೀರಾಮಸೇವಾ ಮಂಡಲಿಯ ರಾಮೋತ್ಸವ 1939ರಿಂದ ನಡೆದುಬಂದಿತ್ತು. ಹರಿಕಥೆ, ಗಮಕ ವಾಚನಗಳು ಬಡಾವಣೆಗಳಲ್ಲಿ ಜೀವಂತವಾಗಿದ್ದವು. 1949ರಿಂದ ಕನ್ನಡದಲ್ಲಿ ಬರುತ್ತಿದ್ದ 'ಚಂದಮಾಮ' ತಿಂಗಳು ತಿಂಗಳು ಪುರಾಣದ ಕಥೆಗಳನ್ನು ಮನೆಗೆ ತರುತ್ತಿತ್ತು. ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಕಟ್ಟಿದ 'ಮಕ್ಕಳ ಕೂಟ'ವು ಮಕ್ಕಳಿಗೆಂದೇ ಒಂದು ನೆಲೆಯನ್ನು ಒದಗಿಸಿತ್ತು. ಇಂತಹ ನಗರದ ಮಗುವಿಗೆ ಕನ್ನಡದಲ್ಲಿ ಸಿಗದೆ ಇದ್ದದ್ದು ಸಿಂಡರೆಲ್ಲಳ ಬಣ್ಣದ ಪುಸ್ತಕ. ದೆಹಲಿಯ ಆ ಪಡ್ಡೆ ಹುಡುಗರಿಗೆ ಸಿಗದೆ ಇದ್ದದ್ದು ಕೌಸಲ್ಯೆಯ ಕಥೆ.

ಅನಂತರಾಮ್ ಮೊದಲಿಗರೋ, ಅನಂತ ಪೈ ಮೊದಲಿಗರೋ ಎಂಬ ವಾದಕ್ಕೆ ಈ ದೃಷ್ಟಿಯಿಂದ ಹೆಚ್ಚಿನ ಅರ್ಥ ಉಳಿಯುವುದಿಲ್ಲ. ಒಬ್ಬರು ಚಿತ್ರಪುಸ್ತಕಕ್ಕೆ ಕನ್ನಡವನ್ನು ಕೊಟ್ಟರು. ಇನ್ನೊಬ್ಬರು ಅದಕ್ಕೆ ಭಾರತದ ಕಥೆಯನ್ನು ಕೊಟ್ಟರು. ಮಗುವಿಗೆ ಯಾವುದು ಕೊರತೆಯೋ ಅದನ್ನು ಒದಗಿಸುವುದೇ ಇಬ್ಬರ ಕೆಲಸವೂ ಆಗಿತ್ತು. ಆದರೆ ಮೊದಲ ಹತ್ತು ಪುಸ್ತಕಗಳ ಹೆಸರೆತ್ತದೆ ಮಾಲಿಕೆಯ ಚರಿತ್ರೆಯನ್ನು ಹೇಳಿದರೆ, ಕನ್ನಡಕ್ಕೆ ಸಲ್ಲಬೇಕಾದ ಋಣವೊಂದು ಬಾಕಿ ಉಳಿಯುತ್ತದೆ.

ಬರೆದದ್ದು, ಬಿಟ್ಟದ್ದು

'ಕೃಷ್ಣ'ನ ಕಥೆಯನ್ನು ಬರೆದವರು ಪೈ. ಚಿತ್ರಿಸಿದವರು ರಾಮ್ ವಾಯೀರ್ಕರ್. ಆರಂಭದಲ್ಲಿ ವ್ಯಾಪಾರ ಮಂದವಾಗಿತ್ತು. ಕಾಮಿಕ್ಸ್ ಓದಿದರೆ ಮಕ್ಕಳು ಕೆಡುತ್ತಾರೆಂಬ ಭಯ ತಂದೆತಾಯಿಯರಲ್ಲಿಯೂ ಉಪಾಧ್ಯಾಯರಲ್ಲಿಯೂ ಬಲವಾಗಿದ್ದ ಕಾಲವದು. ಪೈಯವರು ಆ ಭಯವನ್ನು ಶಾಲೆಯ ಒಳಗೇ ಹೋಗಿ ಎದುರಿಸಿದರು. 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವನ್ನು ಕುರಿತು ವಿಚಾರಗೋಷ್ಠಿಯೇ ನಡೆಯಿತು. ಕ್ರಮೇಣ ಪುಸ್ತಕಗಳು ಶಾಲೆಯ ವಾಚನಾಲಯಗಳನ್ನು ಪ್ರವೇಶಿಸಿದವು.

ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿ ಫರ್ನಾಂಡಿಸ್ ಮೊದಲಾದ ಸಂಪಾದಕ-ಲೇಖಕರ ಬಳಗ ಬೆಳೆಯಿತು. ಪುರಾಣದಿಂದ ಇತಿಹಾಸಕ್ಕೆ, ಇತಿಹಾಸದಿಂದ ಸಂತರ ಜೀವನಕ್ಕೆ ಮಾಲಿಕೆ ಹಬ್ಬಿತು. ಬಸವೇಶ್ವರ, ಪುರಂದರದಾಸ, ಹಕ್ಕ-ಬುಕ್ಕ, ಕೃಷ್ಣದೇವರಾಯ, ಉಳ್ಳಾಲದ ರಾಣಿ ಅಬ್ಬಕ್ಕ ಮೊದಲಾದವರು ಈ ಪುಸ್ತಕಗಳ ಮೂಲಕ ಪಂಜಾಬಿನ ಮಗುವಿಗೂ ಪರಿಚಿತರಾದರು. ಬಂಗಾಳದ, ರಾಜಸ್ಥಾನದ ವೀರರು ಮಲ್ಲೇಶ್ವರದ ಮನೆಗಳಿಗೆ ಬಂದರು. ಒಟ್ಟು 400ಕ್ಕೂ ಹೆಚ್ಚು ಶೀರ್ಷಿಕೆಗಳು, ಸುಮಾರು 20 ಭಾಷೆಗಳು, ಒಂಬತ್ತು ಕೋಟಿಗೂ ಮೇಲ್ಪಟ್ಟ ಪ್ರತಿಗಳು: ಇದು ಆ ಮಾಲಿಕೆಯ ಲೆಕ್ಕ.

ಆದರೆ 32 ಪುಟಗಳಲ್ಲಿ ಒಂದು ಬದುಕನ್ನೋ ಒಂದು ಯುಗವನ್ನೋ ಹಿಡಿಯಬೇಕಾದರೆ ಎಷ್ಟನ್ನು ಹೇಳಬೇಕೋ ಅದಕ್ಕಿಂತ ಹೆಚ್ಚನ್ನು ಬಿಡಬೇಕಾಗುತ್ತದೆ. ಸತ್ಯವನ್ನು ಹೇಳು, ಹಿತವಾಗುವಂತೆ ಹೇಳು, ಅಪ್ರಿಯವಾದ ಸತ್ಯವನ್ನು ಹೇಳಬೇಡ ಎಂಬ ಹಳೆಯ ಸುಭಾಷಿತವನ್ನು ಪೈಯವರು ತಮ್ಮ ಸಂಪಾದಕೀಯ ನೀತಿಯೆಂದೇ ಹೇಳಿಕೊಳ್ಳುತ್ತಿದ್ದರು. ಮಕ್ಕಳ ಲೇಖಕನಿಗೆ ಅದು ಸಹಜವಾದ ನೀತಿ. ಅದರ ಬೆಲೆಯೂ ಕಡಮೆಯಲ್ಲ. ಕುಲದ ಅವಮಾನ, ಹೆಣ್ಣಿನ ದುಃಖ, ಗೆದ್ದ ರಾಜನ ಕ್ರೌರ್ಯ ಇವೆಲ್ಲ ಅಪ್ರಿಯ ಸತ್ಯಗಳೇ. ನಾಯಕರು ಬಿಳಿಚರ್ಮದವರು, ರಾಕ್ಷಸರು ಕಪ್ಪುಬಣ್ಣದವರು ಎಂಬಂತೆ ಚಿತ್ರಗಳು ಬಂದುವೆಂದೂ, ಸ್ತ್ರೀಯರಿಗೆ ತ್ಯಾಗದ ಪಾತ್ರವೇ ಹೆಚ್ಚಾಗಿ ಸಿಕ್ಕಿತೆಂದೂ, ಭಾರತದ ಚರಿತ್ರೆಯೆಂದರೆ ಮೇಲ್ಜಾತಿಯ ಹಿಂದೂಗಳ ಚರಿತ್ರೆಯೆಂಬ ಭಾವನೆ ಮೂಡಿತೆಂದೂ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಈ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. 1979ರಲ್ಲಿ ಬಾಬಾಸಾಹೇಬ ಅಂಬೇಡ್ಕರರ ಜೀವನವೂ ಮಾಲಿಕೆಯಲ್ಲಿ ಬಂದಿತೆಂಬುದನ್ನು ಜೊತೆಗೇ ನೆನೆಯಬೇಕು.

ಸ್ವತಃ ಪೈಯವರಲ್ಲಿಯೂ ಈ ತೊಳಲಾಟವಿತ್ತು. ವಿಜ್ಞಾನದ ಪದವೀಧರರಾದ ಅವರು ಮೊದಲ 'ಕೃಷ್ಣ'ದಲ್ಲಿ ಪವಾಡಗಳನ್ನು ತೋರಿಸಲು ಹಿಂಜರಿದರು. ಅನಂತರದ ಆವೃತ್ತಿಯಲ್ಲಿ ಗೋವರ್ಧನವನ್ನು ಎತ್ತಿದ ಕೃಷ್ಣನಿಗೆ ಸಂಕೋಚವಿಲ್ಲದೆ ಎಡೆಮಾಡಿಕೊಟ್ಟರು.

ಅಂಕಲ್ ಪೈ

1980ರ ನವೆಂಬರಿನಲ್ಲಿ ಆರಂಭವಾದ 'ಟಿಂಕಲ್' ಪತ್ರಿಕೆಯಲ್ಲಿ ಬೇರೊಬ್ಬ ಪೈ ಕಾಣಿಸಿಕೊಂಡರು. ಇಲ್ಲಿ ರಾಜರೂ ಋಷಿಗಳೂ ಹಿಂದೆ ಸರಿದು ನಗೆ ಮುಂದೆ ಬಂದಿತು. ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿ ಒಡೆಯನನ್ನು ಫಜೀತಿಗೆ ಸಿಲುಕಿಸುವ ಸುಪ್ಪಾಂಡಿ 1983ರಲ್ಲಿ ಬಂದ; ಅವನ ಮೂಲವಾದ ಜನಪದ ಕಥೆಗಳನ್ನು ಕಳಿಸಿಕೊಟ್ಟವರು ತಿರುಚಿರಾಪಳ್ಳಿಯ ಓದುಗರು. ಹೆದರುಪುಕ್ಕಲನಾದರೂ ಅದೃಷ್ಟದಿಂದ ವೀರನೆನಿಸಿಕೊಳ್ಳುವ ಶಿಕಾರಿ ಶಂಭುವೂ ಆಗಲೇ ಬಂದ. ದೇಶದ ಮೂಲೆಮೂಲೆಯ ಮಕ್ಕಳು 'ಅಂಕಲ್ ಪೈ'ಗೆ ಪತ್ರ ಬರೆದರು. ಮಕ್ಕಳಿಲ್ಲದ ಪೈ ದಂಪತಿಗಳಿಗೆ ಪತ್ರಗಳ ಮೂಲಕ ದೊರೆತ ಸಂಸಾರವದು.

1987ರಿಂದ ದೂರದರ್ಶನದಲ್ಲಿ ರಾಮಾಯಣ, ಮಹಾಭಾರತಗಳು ಧಾರಾವಾಹಿಗಳಾಗಿ ಬಂದವು. ತೊಂಬತ್ತರ ದಶಕದಲ್ಲಿ ಕೇಬಲ್ ವಾಹಿನಿಗಳು ಮನೆ ಹೊಕ್ಕವು. ಚಿತ್ರಪುಸ್ತಕದ ಚೌಕಗಳು ಚಲಿಸುವ ಚಿತ್ರದ ಮುಂದೆ ಮಂಕಾದವು. 1991ರ ವೇಳೆಗೆ ಹೊಸ ಪುಸ್ತಕಗಳ ಹರಿವು ನಿಂತಿತು. 2007ರಲ್ಲಿ ಮಾಲಿಕೆಯು ಹೊಸ ಒಡೆತನಕ್ಕೆ ಹೋಗಿ ಮತ್ತೆ ಚೇತರಿಸಿತು. 2011ರ ಫೆಬ್ರವರಿ 19ರಂದು ದೆಹಲಿಯ ಕಾಮಿಕ್ಸ್ ಸಮ್ಮೇಳನದಲ್ಲಿ ಜೀವಮಾನ ಸಾಧನೆಯ ಗೌರವ ಪಡೆದ ಪೈಯವರು, ಐದೇ ದಿನಗಳ ಬಳಿಕ, ಫೆಬ್ರವರಿ 24ರಂದು ಮುಂಬಯಿಯಲ್ಲಿ ನಿಧನರಾದರು. ಆಗ ಅವರಿಗೆ 81 ವರ್ಷ.

ಅವರು ಬಿಟ್ಟುಹೋದ ಪುಸ್ತಕಗಳು ಇಂದಿಗೂ ಮಕ್ಕಳ ಕೈಯಲ್ಲಿವೆ. ಆ ಚೌಕಗಳಲ್ಲಿ ಹಿಡಿಸದೆ ಹೋದ ಅಪ್ರಿಯ ಸತ್ಯಗಳನ್ನು ಮಗು ಇಂದಲ್ಲ ನಾಳೆ ಯಾರನ್ನಾದರೂ ಕೇಳಿಯೇ ಕೇಳುತ್ತದೆ. ಕೌಸಲ್ಯೆಯ ಹೆಸರನ್ನು ಪುಸ್ತಕ ಕಲಿಸೀತು. ಆಕೆಯ ಸಂಕಟವೇನೆಂದು ಕೇಳಿದಾಗ ಉತ್ತರಿಸಲು ಮನೆಯಲ್ಲಿ ಒಬ್ಬ ಅಜ್ಜಿಯೋ ತಾತನೋ ತಂದೆತಾಯಿಯೋ ಬಿಡುವು ಮಾಡಿಕೊಂಡು ಕುಳಿತುಕೊಳ್ಳಬೇಕು. ಎರಡನೆಯ ವಯಸ್ಸಿಗೇ ಆ ಭಾಗ್ಯವನ್ನು ಕಳೆದುಕೊಂಡ ಕಾರ್ಕಳದ ಹುಡುಗನು ಉಳಿದ ಮಕ್ಕಳಿಗಾಗಿ ತನ್ನ ಪಾಲಿನ ಕೆಲಸವನ್ನು ಮಾಡಿ ಹೋಗಿದ್ದಾನೆ. ಉಳಿದದ್ದು ಮನೆಯ ಹಿರಿಯರ ಪಾಲಿನದು.